ನಿಮಗೇನಾಗಬೇಕು?

ಫಿನಾಯಿಲು, ಬಾಳೆಹಣ್ಣು ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ಸೊರಬ ನೆನಪಾಗುತ್ತದೆ. ಮೊನ್ನೆ ಶಿಕಾರಿಪುರದ ಆಸ್ಪತ್ರೆಯಲ್ಲಿ ಬಿಪಿ ಮಾತ್ರೆಗೆಂದು ಹೆಂಡತಿಯ ಜೊತೆ ಕೂತಿದ್ದಾಗಲೂ ಹಾಗೇ ಆಯಿತು.

ಸೊರಬದಲ್ಲಿದ್ದಾಗ ನಮ್ಮದೊಂದು ಗೆಳೆಯರ ಗುಂಪಿತ್ತು. ಹಬ್ಬ ಬಂದರೆ ಆಸ್ಪತ್ರೆಯಲ್ಲಿ ಹಣ್ಣು, ಬ್ರೆಡ್ಡು ಹಂಚುತ್ತಿದ್ದೆವು. ಬ್ಯಾನರು ಹಿಡಿಯಲು ಇಬ್ಬರು, ಫೋಟೊ ತೆಗೆಯಲು ಒಬ್ಬ. ಫೋಟೊದಲ್ಲಿ ಹಣ್ಣಿಗಿಂತ ನಮ್ಮ ಹಲ್ಲೇ ಹೆಚ್ಚು ಕಾಣುತ್ತಿತ್ತು ಬಿಡಿ. ಹಾಗಂತ ಬ್ರೆಡ್ಡು ಹಂಚುವುದನ್ನು ಹೀಯಾಳಿಸುವವರ ಮಾತನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಹಸಿದವರಿಗೆ ಅದು ಬ್ರೆಡ್ಡೇ.

ಒಮ್ಮೆ ನಾವು ಹಂಚುತ್ತಿದ್ದಾಗಲೇ, ಸೊಂಟ ಮುರಿದುಕೊಂಡಿದ್ದ ಗಂಗಮ್ಮ ಎಂಬ ಮುದುಕಿಯನ್ನು ಶಿವಮೊಗ್ಗಕ್ಕೆ ಸಾಗಿಸಬೇಕಾಯಿತು. ಆಕೆಗೆ ಹಿಂದೆ ಮುಂದೆ ಯಾರೂ ಇಲ್ಲ. ಜೊತೆಗೊಬ್ಬರಿಲ್ಲದೆ ಆಂಬುಲೆನ್ಸ್ ಹೊರಡುವಂತಿರಲಿಲ್ಲ. ಡ್ರೈವರ್ ಬಾಗಿಲಲ್ಲಿ ನಿಂತು ಕೂಗಿದ: "ಪೇಷಂಟ್ ಕಡೆಯವ್ರು ಯಾರ್ರೀ?"

ಎಲ್ಲರೂ ನಮ್ಮನ್ನೇ ನೋಡಿದರು. ನಮ್ಮವನೊಬ್ಬ ಗಾಬರಿಯಲ್ಲಿ, "ನಾವು ಹಣ್ಣಿನ ಕಡೆಯವ್ರು" ಅಂದುಬಿಟ್ಟ.

ಆಗ ಎದ್ದವರು ಜುಬೇದಾಬಿ. ಬಸ್ ಸ್ಟ್ಯಾಂಡ್ ಹತ್ತಿರ ಬಳೆ ಅಂಗಡಿ ಇಟ್ಟಿದ್ದವರು, ತಮ್ಮ ಕೆಮ್ಮಿಗೆ ಔಷಧಿ ಒಯ್ಯಲು ಬಂದಿದ್ದರು.

"ನಾನ್ ಬರ್ತೀನಿ, ನಡೀರಿ."

"ಇವ್ರು ನಿಮ್ಗೇನಾಗ್ಬೇಕು?" ಡ್ರೈವರ್ ಕೇಳಿದ.

"ಹುಷಾರಾಗ್ಬೇಕು. ಗಾಡಿ ತೆಗೀರಿ."

"ಊರ ಉಸಾಬರಿ ಈಯಮ್ಮಂಗ್ಯಾಕೆ?" ಎಂದು ಯಾರೋ ಗೊಣಗಿದರು. ಜುಬೇದಾಬಿ ಗಾಡಿ ಹತ್ತುತ್ತಲೇ ತಿರುಗಿದರು. "ಊರಲ್ಲಿದ್ಮೇಲೆ ಊರ ಉಸಾಬರಿ ಅಲ್ದೆ ಕಾಡಿನ ಉಸಾಬರಿ ಮಾಡ್ಲಾ?"

ಕೆಲವು ವಾರಗಳ ಮೇಲೆ ಗಂಗಮ್ಮ ಕೋಲೂರಿಕೊಂಡು ವಾಪಸ್ ಬಂದಳು. ಬಂದವಳು ಮೊದಲು ಹೋದದ್ದು ಬಳೆ ಅಂಗಡಿಗೆ.

ರಕ್ತ ಕೊಟ್ಟವರಿಗೆ, ಅನ್ನ ಹಾಕಿದವರಿಗೆ ಶಾಲು ಹೊದಿಸುವುದನ್ನು ನೋಡಿದ್ದೇನೆ, ಹೊದಿಸಲಿ. ಆದರೆ ಜುಬೇದಾಬಿ ಶಿವಮೊಗ್ಗದಲ್ಲಿ ಗಂಗಮ್ಮನ ಮಂಚದ ಪಕ್ಕ ಸುಮ್ಮನೆ ಕೂತಿದ್ದುದನ್ನು ಸೇವೆ ಅಂತ ಯಾರೂ ಕರೆಯಲಿಲ್ಲ. ನನಗೆ ಆ ಸಿಟ್ಟು ಇನ್ನೂ ಆರಿಲ್ಲ.

ಮೊನ್ನೆ ಶಿಕಾರಿಪುರದಲ್ಲಿ, ಈಸೂರಿನ ಹಾದಿಯಲ್ಲಿ ಬೈಕಿನಿಂದ ಬಿದ್ದ ಪರವೂರ ಕೂಲಿಯವನೊಬ್ಬನನ್ನು ಆಟೋದವನು ತಂದು ಇಳಿಸಿ ಹೊರಟುಹೋದ. ಒಳಗಿನಿಂದ ಅದೇ ಕೂಗು: "ಕಡೆಯವ್ರು ಯಾರ್ರೀ?"

ಹೆಂಡತಿ ನನ್ನ ಅಂಗಿ ಜಗ್ಗಿದಳು. "ಸುಮ್ನೆ ಕೂತ್ಕೊಳ್ರೀ. ನಿಮ್ ಬಿಪಿನೇ ನೆಟ್ಟಗಿಲ್ಲ."

ನೆಟ್ಟಗಿಲ್ಲದ ಬಿಪಿ ಸಮೇತ ಎದ್ದೆ.

"ನಿಮ್ಗೇನಾಗ್ಬೇಕು ಇವ್ರು?" ನರ್ಸ್ ಕೇಳಿದರು.

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಅದು ಜುಬೇದಾಬಿಯದು. "ಅದ್ನ ಆಮೇಲೆ ನೋಡಾಣ ಕಣಮ್ಮ. ಮೊದ್ಲು ಸ್ಟ್ರೆಚರ್ ತರ್ಸಿ" ಅಂದೆ.

ಸ್ಟ್ರೆಚರ್ ಒಳಗೆ ಹೊರಟಿತು. ತಿರುಗಿ ನೋಡಿದರೆ ನನ್ನ ಹೆಂಡತಿ, ಗೊಣಗುತ್ತಲೇ, ಆತನ ಚಪ್ಪಲಿ ಎತ್ತಿಕೊಂಡು ಹಿಂದೆ ಬರುತ್ತಿದ್ದಳು.