ಅಕ್ಕ ಬರೆದ ಹೊಸ ಕರಾರು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದು ಕರಾರು ಇರುತ್ತಿತ್ತು. ಯಾಕೆಂದರೆ ಅಪ್ಪ ಕರಾರು ಬರೆಯುವವರು. ಕರೋಶಿಯಿಂದ ದಿನವೂ ಸೈಕಲ್ ತುಳಿದು ಚಿಕ್ಕೋಡಿಗೆ ಹೋಗಿ, ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಕುಳಿತು, ಬಾವಿಯ ನೀರಿನ ಪಾಳಿ, ಹೊಲದ ಬದು ಎಂದು ಊರವರ ಒಪ್ಪಂದಗಳನ್ನೆಲ್ಲ ಬರೆದುಕೊಡುತ್ತಿದ್ದರು. ಭಾನುವಾರ ಮಾತ್ರ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ, ಸುತ್ತಲಿನ ನಾಲ್ಕಾರು ಕ್ರೈಸ್ತ ಮನೆಯವರನ್ನು ಕೂರಿಸಿಕೊಂಡು ಪ್ರಾರ್ಥನೆ ನಡೆಸುತ್ತಿದ್ದರು. ಬರುವವರಲ್ಲಿ ಅರ್ಧ ಜನ ಕನ್ನಡ, ಅರ್ಧ ಮರಾಠಿ. ಕನ್ನಡದ ಬೈಬಲ್ಲಿನಲ್ಲಿ 'ಹೊಸ ಒಡಂಬಡಿಕೆ' ಎಂದಿರುವುದು ಮರಾಠಿಯದರಲ್ಲಿ 'ನವಾ ಕರಾರ್'. ನನಗೆ ಮರಾಠಿಯ ಮಾತೇ ಸಲೀಸು. ದೇವರೂ ಬೇವಿನ ಮರದ ಕೆಳಗೆ ಬಂದು ಅಪ್ಪನಿಂದ ಕರಾರು ಬರೆಸಿಕೊಂಡು ಹೋಗಿದ್ದಾನೆ ಎಂದೇ ನಾನು ತಿಳಿದಿದ್ದೆ.

ನನಗೂ ಅಕ್ಕನಿಗೂ ನಡುವೆಯೂ ಒಂದು ಕರಾರಿತ್ತು. ಅಕ್ಕ ಓದಲು ನಿಪ್ಪಾಣಿಯ ಹಾಸ್ಟೆಲ್ಲಿಗೆ ಹೊರಟಿದ್ದಳು. ಅದಕ್ಕಾಗಿ ಅಪ್ಪ ಅವಳಿಗೊಂದು ಹಸಿರು ಮಸಿಪೆನ್ನು ತಂದುಕೊಟ್ಟಿದ್ದರು. ನನ್ನ ಕೈ ಸುಮ್ಮನಿರುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. 'ಸದರಿ ಪೆನ್ನನ್ನು ತಂಗಿ ಮುಟ್ಟತಕ್ಕದ್ದಲ್ಲ, ಮುಟ್ಟಿದಲ್ಲಿ ಕಾಯಂ ಕಟ್ಟಿ' ಎಂದು ಅಪ್ಪನ ಶೈಲಿಯಲ್ಲೇ ಬರೆದು, ಇಬ್ಬರೂ ಸಹಿ ಹಾಕಿ, ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದ್ದಳು. ಕಟ್ಟಿ ಎಂದರೆ ಮಾತು ಬಿಡುವುದು.

ಶನಿವಾರ ನಾನು ಮುಟ್ಟಿದೆ. ಮುಟ್ಟಿದ್ದಷ್ಟೇ ಅಲ್ಲ, ಕಟ್ಟೆಯ ಕಲ್ಲಿನ ಮೇಲೆ ನನ್ನ ಹೆಸರು ಬರೆಯಲು ಹೋಗಿ ನಿಬ್ಬನ್ನು ಸೊಟ್ಟ ಮಾಡಿದೆ. ಮಂಗನ ಕೈಗೆ ಮಾಣಿಕ್ಯ ಸಿಕ್ಕಂತಾಯಿತು. ಅಕ್ಕ ಬೈಯಲಿಲ್ಲ, ಹೊಡೆಯಲೂ ಇಲ್ಲ. ಕಿರುಬೆರಳು ತೋರಿಸಿ "ಕಟ್ಟಿ" ಎಂದಳು, ಅಷ್ಟೇ. ಸೋಮವಾರ ಮೊದಲ ಬಸ್ಸಿಗೆ ಅವಳು ಹೊರಡುವವಳು. ಮತ್ತೆ ಬರುವುದು ಕ್ರಿಸ್‌ಮಸ್ ರಜೆಗೆ. ಹೀಗೇ ಮಾತಿಲ್ಲದೆ ಹೋಗಿಬಿಟ್ಟರೆ ಎಂದು ನನಗೆ ಅನ್ನ ಸೇರಲಿಲ್ಲ.

ಮರುದಿನ ಪ್ರಾರ್ಥನೆಯಲ್ಲಿ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಿರಸ ಹಂಚಿಕೊಳ್ಳುವ ಪ್ರಭುವಿನ ಭೋಜನವಿತ್ತು. ಅಥಣಿ ಕಡೆಯ ಒಣದ್ರಾಕ್ಷಿಯನ್ನು ಅವ್ವ ನೆನೆಹಾಕಿ ಕುದಿಸಿ ರಸ ತೆಗೆದಿದ್ದಳು. ಪಡಸಾಲೆಯ ತುಂಬ ಆ ರಸದ ಸಿಹಿ ವಾಸನೆ, ಸುಟ್ಟ ಜೋಳದ ರೊಟ್ಟಿಯ ವಾಸನೆ, ಬಂದವರ ಬಟ್ಟೆಗಂಟಿದ ತಂಬಾಕಿನ ಘಾಟು. ಅಪ್ಪ ಹಿತ್ತಾಳೆ ಲೋಟ ಹಿಡಿದು ಹೇಳಿದರು: ಹಳೆಯ ಕರಾರನ್ನು ಜನ ಮತ್ತೆ ಮತ್ತೆ ಮುರಿದರು, ಆದ್ದರಿಂದ ಯೇಸು ತನ್ನ ರಕ್ತದಿಂದ ಹೊಸ ಕರಾರು ಮಾಡಿದ. ನನ್ನ ಕಿವಿ ನೆಟ್ಟಗಾಯಿತು. ಓಹೋ, ರಕ್ತ ಹಾಕಿದರೆ ಮುರಿದ ಕರಾರೂ ಸರಿಹೋಗುತ್ತದೆ!

ಪ್ರಾರ್ಥನೆ ಮುಗಿದದ್ದೇ ತಡ, ಆಡಿನ ಗೂಡಿನ ಹಿಂದೆ ಕುಳಿತು 'ಇನ್ನು ಮುಟ್ಟಿದರೆ ನನ್ನ ಕೈ ಬಿದ್ದುಹೋಗಲಿ' ಎಂದು ಹಾಳೆಯ ಮೇಲೆ ಬರೆದೆ. ಜಾಲಿಮುಳ್ಳಿನಿಂದ ಹೆಬ್ಬೆರಳು ಚುಚ್ಚಿಕೊಂಡೆ. ಮುಳ್ಳು ಒಳಗೇ ಮುರಿಯಿತು. ನನ್ನ ಕಿರುಚಾಟಕ್ಕೆ ಮೊದಲು ಓಡಿ ಬಂದವಳು ಅಕ್ಕ.

"ಏ ಹುಚ್ಚಿ, ಏನ್ ಮಾಡ್ಕೊಂಡಿ ಬೇ?" ಎಂದು ಮುಳ್ಳು ಕಿತ್ತು, ಅರಿಶಿಣ ಒತ್ತಿದಳು. ಕಟ್ಟಿ ನೆನಪಾಗಿ ಮತ್ತೆ ಬಾಯಿ ಮುಚ್ಚಿಕೊಂಡಳು. ಹಿಂದೆಯೇ ಬಂದ ಅಪ್ಪ ನನ್ನ ಹಾಳೆ ಓದಿ ಮೊದಲು ನಕ್ಕರು. ಆಮೇಲೆ ನನ್ನ ಪಕ್ಕದಲ್ಲಿ ನೆಲದ ಮೇಲೇ ಕುಳಿತರು.

"ಕರಾರು ಮುರದಾಕಿ ಯಾರು?"

"ನಾನ ರಿ."

"ಮತ್ತ ಹೊಸಾದು ನೀ ಹೆಂಗ ಬರೀತಿ? ಮುರದಾವ್ರು ಬರದ್ದು ನಾಕ ದಿನದಾಗ ಮತ್ತ ಮುರೀತೈತಿ. ಅದಕ್ಕ ದೇವರು ತಾನ ಬರದಾನ. ಅನ್ಯಾಯ ಆಗಿದ್ದೂ ಆತಗ, ರಕ್ತ ಕೊಟ್ಟಾವನೂ ಆತನ. ನಿನ್ನ ರಕ್ತ ಯಾರೂ ಕೇಳಿಲ್ಲ, ಮಗಳ."

"ಹಂಗಾದ್ರ ನಾ ಏನ್ ಮಾಡ್ಲಿ?"

"ಕೊಟ್ರ ತಗೋಬೇಕು."

ನಾನು ಅಕ್ಕನ ಮುಖ ನೋಡಿದೆ. ಅವಳು ಎದ್ದು ಒಳಗೆ ಹೋದಳು. ಹೋಗಿಯೇಬಿಟ್ಟಳು ಎಂದುಕೊಂಡೆ. ಬರುವಾಗ ಅವಳ ಕೈಯಲ್ಲಿ ಮೊಳೆಯಿಂದ ಕಿತ್ತ ಹಳೆಯ ಕರಾರಿತ್ತು. ಅದನ್ನು ಆಡಿನ ಬಾಯಿಗೆ ಹಿಡಿದಳು. ಅದು ನಮ್ಮಿಬ್ಬರ ಸಹಿ ಸಮೇತ ಮೆಲುಕು ಹಾಕಿತು. ಆಮೇಲೆ ಅಕ್ಕ ಅದೇ ಸೊಟ್ಟ ನಿಬ್ಬಿನಿಂದ, ಮಸಿ ಚೆಲ್ಲುತ್ತಾ, ಚೀಟಿಯೊಂದರ ಮೇಲೆ ಬರೆದಳು: 'ಇಕಿ ನನ್ನ ತಂಗಿ.' ಕೆಳಗೆ ತನ್ನ ಸಹಿ ಹಾಕಿದಳು.

ನಾನು ಅರಿಶಿಣದ ಹೆಬ್ಬೆರಳು ಮುಂದೆ ಮಾಡಿದೆ. "ನನ್ನ ಹೆಬ್ಬೆಟ್ಟು?"

"ನಿಂದು ಬ್ಯಾಡ," ಎಂದು ಚೀಟಿಯನ್ನು ನನ್ನ ಕೈಗಿಟ್ಟಳು.

ಈಗ ನನ್ನ ಮೊಮ್ಮಕ್ಕಳು ಕಟ್ಟಿ ಎನ್ನುವುದಿಲ್ಲ, ಫೋನಿನಲ್ಲಿ ಬ್ಲಾಕ್ ಮಾಡುತ್ತಾರೆ. ಒಂದೇ ಸೋಫಾದ ಎರಡು ತುದಿಗೆ ಕುಳಿತು! ಫೋನು ಯಾವ ಕರಾರು ತೋರಿಸಿದರೂ ಓದದೆ 'ಒಪ್ಪಿದೆ' ಎಂದು ಒತ್ತುತ್ತಾರೆ. ಅಪ್ಪ ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಮೊನ್ನೆ ಮೊಮ್ಮಗ ತನ್ನ ಅಕ್ಕನ ಇಯರ್‌ಫೋನ್ ಮುರಿದ. ಅವಳು ಅವನನ್ನು ಬ್ಲಾಕ್ ಮಾಡಿ ಇವತ್ತಿಗೆ ಮೂರು ದಿನ.

ನನ್ನ ಬೈಬಲ್ಲಿನಿಂದ ಆ ಮಸಿಕಲೆಯ ಚೀಟಿ ತೆಗೆದು, ಅದರ ಕಥೆ ಹೇಳಿ, ಮೊಮ್ಮಗಳಿಗೆ ಕೊಟ್ಟೆ. ಆಮೇಲೂ ನಾನು ಅಕ್ಕನ ಸೀರೆ ಸುಟ್ಟಿದ್ದೇನೆ, ಗುಟ್ಟು ಬಯಲು ಮಾಡಿದ್ದೇನೆ, ಅವಳ ಮದುವೆಯ ದಿನವೇ ಜಗಳ ತೆಗೆದಿದ್ದೇನೆ. ಈ ಚೀಟಿಯನ್ನು ಮಾತ್ರ ಮುರಿಯಲಾಗಲಿಲ್ಲ. ಮುರಿಯಲು ಅದರಲ್ಲಿ ನನ್ನದೊಂದು ಷರತ್ತೂ ಇರಲಿಲ್ಲವಲ್ಲ!

ಮೊಮ್ಮಗಳು ಅದನ್ನು ಎರಡು ಸಲ ಓದಿದಳು. ಸೋಫಾದ ಆ ತುದಿಯಲ್ಲಿ ತಲೆ ತಗ್ಗಿಸಿ ಕುಳಿತ ತಮ್ಮನ ಕಡೆ ಒಮ್ಮೆ ನೋಡಿ, "ಅಜ್ಜಿ, ನಿನ್ನ ಹತ್ರ ಪೆನ್ ಐತೇನು?" ಎಂದಳು.