ಕೆಮ್ಮಿ ಬರಬೇಕಾದ ಮನೆ

ನೊಣವಿನಕೆರೆಯ ಗಂಗತ್ತೆಯ ಮನೆಗೆ ಯಾರೇ ಹೋದರೂ ಅಂಗಳದಿಂದಲೇ ಕೆಮ್ಮಿಕೊಂಡು ಹೋಗಬೇಕಿತ್ತು. ಕರೆಗಂಟೆ ಇರಲಿಲ್ಲ. ಫೋನು ಬರೀ ಮಿನುಗುತ್ತಿತ್ತು. ಕುಕ್ಕರ್ ಕೂಗುವ ಮೊದಲೇ ಒಲೆ ಆರಿಸುತ್ತಿದ್ದಳು. ಅವಳ ಅಕ್ಕಂದಿರಿಬ್ಬರೂ ಎಳೆವಯಸ್ಸಿನಲ್ಲಿ ಯಾವುದೋ ಸದ್ದಿಗೆ ಬೆಚ್ಚಿ ಬಿದ್ದವರು ಏಳಲೇ ಇಲ್ಲ. ಗಾಳಿ ಸೋಕಿತು ಎಂದರು ಮನೆಯವರು. ಅತ್ತೆಯೂ ಬಿದ್ದು ಎದ್ದವಳೇ. "ನಮ್ಮನೆಗೆ ಕಳ್ಳ ಬಂದ್ರೂ ಕೆಮ್ಕೊಂಡೇ ಬರ್ಬೇಕು ಕಣಪ್ಪ," ಎಂದು ನಗುತ್ತಿದ್ದಳು. ಮಗಳು ರೇಖಾ ಮಾತ್ರ ಈ ಕೆಮ್ಮಿನ ಕಾನೂನನ್ನು ಆಡಿಕೊಳ್ಳುತ್ತಿದ್ದಳು. ಬಸ್ಸಿನ ಹಾರನ್ನಿಗೂ ಕದಲದ ಹುಡುಗಿ ಅವಳು.

ಆ ದಿನ ಅತ್ತೆ ಹಜಾರದಲ್ಲಿ ಕಾಯಿ ಸುಲಿಯುತ್ತಿದ್ದಳು. ಅಟ್ಟದ ತಡಿಕೆ ಕಳಚಿ, ಕೊಬ್ಬರಿಗೆಂದು ಒಣಗಲು ಬಿಟ್ಟಿದ್ದ ಕಾಯೆಲ್ಲ ಧಡಧಡನೆ ಉರುಳಿದವು. ನಾನು ಬಾಗಿಲಲ್ಲೇ ಇದ್ದೆ. ಅತ್ತೆಯ ಕಣ್ಣು ಮೇಲಾಯಿತು. ಸುಲಿಯಲು ನೆಟ್ಟಿದ್ದ ಕಬ್ಬಿಣದ ಮೊನೆಯ ಪಕ್ಕಕ್ಕೇ ಕುಸಿದಳು. ಕುತ್ತಿಗೆ ಒಂದು ಗೇಣೂ ದೂರವಿರಲಿಲ್ಲ. ಉಸಿರಿಲ್ಲ. ರೇಖಾ ಓಡಿ ಬಂದು ತಾಯಿಯ ಎದೆ ಗುದ್ದುತ್ತಲೇ ಇದ್ದಳು. ಎಷ್ಟು ಹೊತ್ತೋ ತಿಳಿಯದು. ಆಮೇಲೆ ಅತ್ತೆ, "ಕಾಯಿ ಒಡೆದ್ವೇನ್ಲಾ?" ಎಂದಳು. ಈಗಲೂ ತೋಟದಲ್ಲಿ ಒಂದು ಕಾಯಿ ಬಿದ್ದರೆ ನಾನು ಮೊದಲು ಜೊತೆಯಲ್ಲಿರುವವರ ಮುಖ ನೋಡುತ್ತೇನೆ.

ಹೃದಯದ ತಾಳ ತಪ್ಪುವ ಕಾಯಿಲೆ, ರಕ್ತಸಂಬಂಧದಲ್ಲಿ ಬರುವಂಥದ್ದು ಎಂದರು ಡಾಕ್ಟರು. ನಾನು ಎಂಎಸ್ಸಿಯಲ್ಲಿ ಕೆಲಸ ಕಲಿತ ಪ್ರಯೋಗಾಲಯದವರು ರಕ್ತ ಕೇಳಿದರು. ಒಬ್ಬೊಬ್ಬರ ವಂಶವಾಹಿಗಳಲ್ಲೂ ಲಕ್ಷಗಟ್ಟಲೆ ವ್ಯತ್ಯಾಸಗಳಿರುತ್ತವೆ. ಬಿದ್ದವರೆಲ್ಲರಲ್ಲೂ ಇದ್ದು ಬೀಳದವರಲ್ಲಿ ಇಲ್ಲದ್ದನ್ನು ಕಂಪ್ಯೂಟರು ಸೋಸಬೇಕು. ಅದಕ್ಕೆ ಬೀಳದವರ ರಕ್ತವೂ ಬೇಕು. ಇಷ್ಟು ಹೇಳಿದ್ದೇ ತಡ, ಬಿದ್ದು ಎದ್ದವರು, ಬೀಳದವರು ಎನ್ನದೆ ಅತ್ತೆಯೇ ನೆಂಟರ ಮನೆಗಳಿಗೆಲ್ಲ ಹೊರಟಳು.

ಕಂದಿಕೆರೆಯ ಚಿಕ್ಕಪ್ಪ ತೋಳು ಮಡಚಿ ಕೂತ. "ನಂಗೇನ್ ಬಂದದೆ ರೋಗ? ಗುಂಡ್ಕಲ್ ಇದ್ದಂಗಿದೀನಿ."

"ಅದಕ್ಕೇ ಕಣ್ಲಾ ಬೇಕಾಗಿರೋದು. ಹುಟ್ಟಿದ್ಮೇಲೆ ಒಂದ್ಸಲನಾದ್ರೂ ಉಪಯೋಗಕ್ಕೆ ಬಾ."

ಚಿಕ್ಕಪ್ಪ ತೋಳು ಚಾಚಿದ.

ಆದರೆ ಸೋಸಿದಾಗ ಏನೂ ಉಳಿಯಲಿಲ್ಲ. ಪ್ರಯೋಗಾಲಯದ ಮೇಡಂ ಬೀಳದವರ ಹೆಸರುಗಳನ್ನು ನೋಡುತ್ತಾ ರೇಖಾಳ ಹೆಸರಿನ ಮುಂದೆ ನಿಂತರು. "ಈ ಹುಡುಗಿ ಇನ್ನೂ ಬಿದ್ದಿಲ್ಲ, ಸರಿ. ಮುಂದೆ ಬೀಳೋದಿಲ್ಲ ಅಂತ ಯಾರು ಹೇಳಿದ್ರು?"

ರೇಖಾಳನ್ನು ಬದಿಗಿಟ್ಟು ಮತ್ತೆ ಸೋಸಿದರು. ಹೃದಯದ ಬಡಿತಕ್ಕೆ ಸಂಬಂಧಪಟ್ಟ ಒಂದೇ ವ್ಯತ್ಯಾಸ ಉಳಿಯಿತು. ಅದು ರೇಖಾಳಲ್ಲೂ ಇತ್ತು. ಇಸಿಜಿಯೂ ಹೌದೆಂದಿತು.

"ಅವ್ಳು ಬೀಳ್ದೋರ ಕಡೆ ಅಂತ ಬರ್ಸಿದ್ದು ನಾನೇ ಕಣಪ್ಪ," ಎಂದಳು ಅತ್ತೆ. "ಹಂಗ್ ಬರ್ಸಿದ್ರೆ ಉಳೀತಾಳೆ ಅನ್ಕಂಡೆ." ಮರುದಿನದಿಂದ ಮಗಳ ಕಾಫಿಗೆ ಮೊದಲು ಅಂಗೈಯಲ್ಲಿ ಮಾತ್ರೆ ಹಿಡಿದು ನಿಲ್ಲುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಅತ್ತೆ ನಿದ್ದೆಯಲ್ಲೇ ತೀರಿಕೊಂಡಳು. ಯಾವ ಸದ್ದೂ ಆಗಿರಲಿಲ್ಲವಂತೆ.

ತಿಥಿ ಮುಗಿದ ಮೇಲೆ ಒಮ್ಮೆ ಹೋದೆ. ಇನ್ನು ಯಾರಿಗಾಗಿ ಕೆಮ್ಮುವುದೆಂದು ಸುಮ್ಮನೆ ಒಳಗೆ ಕಾಲಿಟ್ಟೆ. ಕುಕ್ಕರ್ ಕೂಗುವ ಮೊದಲೇ ಒಲೆ ಆರಿಸುತ್ತಿದ್ದ ರೇಖಾ ತಿರುಗಿ ನೋಡಿದಳು.

"ಕೆಮ್ಕೊಂಡ್ ಬಾ ಭಾವ. ನಾನಿನ್ನೂ ಇದೀನಿ."