ಮೊದಲ ದೋಸೆ ಕಾವಲಿಗೆ

ಮುಲುಂಡ್ ಸ್ಟೇಷನ್ ಪಕ್ಕದ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ನಾನು ಬೇಕಾದಷ್ಟು ಬುದ್ಧಿವಂತರನ್ನು ಕಂಡಿದ್ದೇನೆ. ಹೆಚ್ಚಿನವರು ಚಟ್ನಿಗೆ ಜಗಳವಾಡುವವರು. ದೋಸೆ ಹೊಯ್ಯುವ ಚೆನ್ನಯಣ್ಣನ ಮಗಳು ನಿಖಿತಾ ಮಾತ್ರ ಬೇರೆ. ಕಾಂದಿವಲಿಯ ಕಂಪನಿಯೊಂದರಲ್ಲಿ ಕಂಪ್ಯೂಟರಿನ ಕರ್ನಲ್ ಕಟ್ಟುವುದು ಅವಳ ಕೆಲಸ. ಹಾಗೆಂದರೇನೆಂದು ಒಮ್ಮೆ ಕೇಳಿದೆ.

"ಅಂಕಲ್, ಮಶೀನ್ ಆನ್ ಆದ್ರೆ ಎಲ್ಲರಿಗಿಂತ ಮೊದ್ಲು ಏಳೋದು ಅದು. ಆಮೇಲೆ ಬಾಕಿಯವರಿಗೆ ಕಾಮ್ ಹಂಚ್ತದೆ."

ಹಾಗಾದರೆ ಈ ಹೋಟೆಲಿಗೆ ನಾನೇ ಕರ್ನಲ್ ಅಂದುಕೊಂಡೆ. ಆದರೆ ಒಂದೊಂದು ಜಾತಿಯ ಪ್ರೊಸೆಸರಿಗೂ ಅದನ್ನು ಬೇರೆಯಾಗಿಯೇ ಕಟ್ಟಬೇಕಂತೆ.

ಚೆನ್ನಯಣ್ಣನ ಕಿವಿ ಮಂದವಾಗುತ್ತ ಬಂದಿತ್ತು. ಸಪ್ಲೈಯರ್‌ಗಳು ಕೂಗಿದ ಆರ್ಡರ್ ತಪ್ಪತೊಡಗಿತು. ಧಣಿ ಕಿಶೋರಣ್ಣ ಅವನನ್ನು ತರಕಾರಿ ಹೆಚ್ಚಲು ಕೂರಿಸುವ ಯೋಚನೆಯಲ್ಲಿದ್ದರು. ಕಾವಲಿ ಬಿಟ್ಟ ಚೆನ್ನಯಣ್ಣನನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು.

ನಿಖಿತಾ ಧಣಿಯ ಹತ್ತಿರ ಒಂದೇ ಒಂದು ಅವಕಾಶ ಕೇಳಿದಳು. ಕಂಪನಿಯವರು ಗುಜರಿಗೆ ಹಾಕಲಿದ್ದ ದೊಡ್ಡ ಅಕ್ಷರದ ಪರದೆಯನ್ನು ಕೇಳಿ ತಂದು, ಅಗ್ಗದ ಪುಟ್ಟ ಬೋರ್ಡಿಗೆ ಜೋಡಿಸಿದಳು. ಸಪ್ಲೈಯರ್ ಮೊಬೈಲಿನಲ್ಲಿ ಒತ್ತಿದ ಆರ್ಡರ್ ಕಾವಲಿಯ ಮುಂದೆ ಮೂಡಬೇಕು. ಆ ಪರದೆಯನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮನ್ನೂ ಅವಳೇ ಬರೆದು, ಕರ್ನಲ್ ಜೊತೆ ಸೇರಿಸಿ ಮನೆಯಲ್ಲೇ ಕಟ್ಟಿದ್ದಳು.

ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಸ್ವಿಚ್ ಹಾಕಿದಳು. ಪರದೆಯಲ್ಲಿ ಏನೂ ಇಲ್ಲ, ಬರೀ ಕಪ್ಪು. ಕಿಶೋರಣ್ಣ ಗಂಟಲು ಸರಿಮಾಡಿಕೊಂಡರು. ಲ್ಯಾಪ್‌ಟಾಪ್ ನೋಡಿದ ನಿಖಿತಾ ಹಣೆ ಚಚ್ಚಿಕೊಂಡು ಅಪ್ಪನ ಕಿವಿಯ ಹತ್ತಿರ ಹೋದಳು.

"ಪಪ್ಪ, ಆಫೀಸಲ್ಲಿ ಯಾವ ಪ್ರೊಸೆಸರ್ ಅಂತ ಸಿಸ್ಟಮ್ಮೇ ನೋಡ್ಕೊಳ್ತದೆ. ಮನೇಲಿ ನಾನೇ ಹೇಳ್ಬೇಕಿತ್ತು, ಭೂಲ್ ಗಯಿ. ಬೋರ್ಡಿಗೆ ಅಲ್ಲ, ನನ್ನ ಲ್ಯಾಪ್‌ಟಾಪಿಗೇ ಕಟ್ಟಿಬಿಟ್ಟಿದ್ದೇನೆ!"

ಚೆನ್ನಯಣ್ಣನಿಗೆ ಎಷ್ಟು ಕೇಳಿಸಿತೋ, ಮಗಳ ಮುಖ ಮಾತ್ರ ಅರ್ಥವಾಯಿತು. "ಅದಕ್ಕೆಂತ ಬೇಜಾರು ಮಾರಾಯ್ತಿ? ಹೊಸ ಕಾವಲಿಯಲ್ಲಿ ಮೊದಲ್ನೇ ದೋಸೆ ಯಾರಿಗೂ ಕೊಡ್ಲಿಕ್ಕಿಲ್ಲ. ಅದು ಕಾವಲಿಗೆ. ಇನ್ನೊಂದು ಹೊಯ್ಯಿ."

ಅವಳು ಮೂಲೆಯ ಟೇಬಲಿನಲ್ಲಿ ಕೂತು, ಈ ಸಲ ಬೋರ್ಡಿನ ಪ್ರೊಸೆಸರಿಗೆಂದೇ ಎಲ್ಲವನ್ನೂ ಮತ್ತೆ ಕಟ್ಟಿದಳು. ನಾನು ಚಹಾ ಕಳಿಸುತ್ತಲೇ ಇದ್ದೆ, ಕುಡಿದವರಿಲ್ಲ. ಸಂಜೆ ಲೋಕಲ್ ಇಳಿದ ಜನ ನುಗ್ಗುವ ಹೊತ್ತಿಗೆ ಪರದೆಯಲ್ಲಿ ಬಿಳಿ ಅಕ್ಷರ ಸರಸರ ಹರಿದವು.

ಕಿಶೋರಣ್ಣ ಬಿಡುವವರಲ್ಲ. ತಾವೇ ಮೂಲೆಗೆ ಹೋಗಿ ಕೂತು, ಸಪ್ಲೈಯರ್ ಕಿವಿಯಲ್ಲಿ ಆರ್ಡರ್ ಪಿಸುಗುಟ್ಟಿದರು. ಅವನು ಮೊಬೈಲಿನಲ್ಲಿ ಒತ್ತಿದ. ಅತ್ತ ಚೆನ್ನಯಣ್ಣ ಪರದೆಯತ್ತ ಕಣ್ಣೆತ್ತಿದ. ಎಷ್ಟೋ ತಿಂಗಳ ನಂತರ ಅವನ ದನಿ ಅಷ್ಟು ಗದ್ದಲವನ್ನೂ ಸೀಳಿಕೊಂಡು ಬಂತು: "ಒಂದು ಮಸಾಲೆ, ಕಡಕ್!"

ನನ್ನ ಕಣ್ಣು ಒದ್ದೆಯಾಯಿತು. ಚಿಲ್ಲರೆ ತಪ್ಪು ಕೊಟ್ಟೆ.

ಕಿಶೋರಣ್ಣ ದೋಸೆ ಪೂರ್ತಿ ತಿಂದು, ಕೈ ತೊಳೆದು, ಗಲ್ಲಾದ ಹತ್ತಿರ ಬಂದರು.

"ತರಕಾರಿ ಹೆಚ್ಚಲಿಕ್ಕೆ ಬೇರೆ ಜನ ನೋಡು ಮಾರಾಯ."